ಬೋಟು ಕೊಂಡಾಯ್ತು, ಕಟ್ಟೋದೆಲ್ಲಿ? ವಿಮೆ ಮತ್ತು ಮೂರಿಂಗ್‌ನ ಒಂದು ಪ್ರಕರಣ

ಈ ಬೋಟಿಗೆ ಇಬ್ಬರು ಮಾಲೀಕರು, ಅಕ್ಕ ಮತ್ತು ತಮ್ಮ. ಇಬ್ಬರೂ ಸೇರಿ ಕೊಂಡದ್ದು ಏಳೂವರೆ ಮೀಟರ್ ಉದ್ದದ ಫೈಬರ್ ಮೋಟಾರ್ ಬೋಟು. ಹೊಸದಲ್ಲ, ವಯಸ್ಸು ಇಪ್ಪತ್ತು ದಾಟಿದೆ. ಪೆಟ್ರೋಲ್ ಎಂಜಿನ್ ಒಳಗೇ ಹಿಂಬದಿಯಲ್ಲಿ ಕೂತಿದೆ. ಪ್ರೊಪೆಲ್ಲರ್ ಇರುವ ಕಾಲು ಮಾತ್ರ ಹಿಂದಿನ ಗೋಡೆ ದಾಟಿ ನೀರಿಗೆ ಇಳಿಯುತ್ತದೆ. ಇಂಥದ್ದನ್ನು ಸ್ಟರ್ನ್‌ಡ್ರೈವ್ ಅನ್ನುತ್ತಾರೆ. ಪೂರ್ತಿ ಓಡಿಸಿದರೆ 28 ನಾಟ್, ಅಂದರೆ ಗಂಟೆಗೆ 52 ಕಿಲೋಮೀಟರ್ ಎಂದು ತಯಾರಕರ ಕಾಗದದಲ್ಲಿದೆ. ಈ ಅಂಕಿ ಮುಂದೆ ಬೇಕಾಗುತ್ತದೆ.

ಮುಂಗಡ ಕೊಟ್ಟಾಗಿತ್ತು. ಬಾಕಿ ಹಣ ತಪಾಸಣೆಯಾದ ಮೇಲೆ ಎಂದು ಮಾತಾಗಿತ್ತು. ಪಾಲಿಸಿ ಕಾಗದ ಓದಿ ಅಭ್ಯಾಸ ಇರುವವನು ಅಂತ ನನ್ನನ್ನು ಕರೆದರು. ಹೋಗಿ ನೋಡಿದರೆ ಇಬ್ಬರೂ ಕೆಲಸ ಹಂಚಿಕೊಂಡು ಬಿಟ್ಟಿದ್ದರು. ವಿಮೆ ತಮ್ಮನ ಪಾಲಿಗೆ, ಬೋಟು ಕಟ್ಟುವ ಜಾಗ ಅಕ್ಕನ ಪಾಲಿಗೆ. ಇಬ್ಬರೂ ಒಂದೇ ವಾರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬಂದರು ಕಚೇರಿಯವರು ಮೂರನೆಯವರ ಹಾನಿಗೆ ವಿಮೆ ಇದೆ ಎನ್ನುವ ಸರ್ಟಿಫಿಕೇಟ್ ತನ್ನಿ, ಆಮೇಲೆ ಜಾಗ ಅಂದರು. ವಿಮೆಯವರು ಬೋಟು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಡಿ, ಆಮೇಲೆ ಪಾಲಿಸಿ ಅಂದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಈ ಗಂಟು ಬಿಚ್ಚುವುದು ಕಷ್ಟವೇನಲ್ಲ. ಬಂದರು ಕಚೇರಿಯಿಂದ ‘ವಿಮೆ ತೋರಿಸಿದರೆ ಇಂಥ ಜಾಗ ಕೊಡುತ್ತೇವೆ’ ಎಂಬ ಷರತ್ತಿನ ಪತ್ರ ಸಿಗುತ್ತದೆ. ಅದನ್ನಿಟ್ಟು ವಿಮೆಯವರಿಂದ ಕವರ್ ನೋಟ್, ಅಂದರೆ ಪಾಲಿಸಿ ಬರುವ ತನಕ ನಡೆಯುವ ತಾತ್ಕಾಲಿಕ ವಿಮೆ ಪತ್ರ, ಪಡೆದರಾಯಿತು. ನಿಜವಾದ ತೊಂದರೆ ಬೇರೆ ಕಡೆ ಇತ್ತು. ಕೆಲಸವನ್ನು ಎರಡಾಗಿ ಹಂಚಿಕೊಂಡದ್ದರಿಂದ ಅಕ್ಕ ನೋಡುತ್ತಿದ್ದ ಜಾಗ ಯಾವುದೆಂದು ತಮ್ಮನಿಗೆ ಗೊತ್ತಿರಲಿಲ್ಲ. ತಮ್ಮ ಸಹಿ ಹಾಕಲು ಹೊರಟಿದ್ದ ಪಾಲಿಸಿಯಲ್ಲಿ ಏನಿದೆ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ವಿಹಾರದ ಬೋಟು ವರ್ಷದಲ್ಲಿ ಓಡುವ ಹೊತ್ತು ತೀರಾ ಕಡಿಮೆ. ಉಳಿದ ಹೊತ್ತೆಲ್ಲ ಕಟ್ಟಿದ ಕಡೆಯೇ ಇರುತ್ತದೆ, ಯಾರೂ ಇಲ್ಲದೆ. ವಿಮೆಯವರಿಗೆ ಹೆದರಿಕೆ ಇರುವುದು ಆ ಹೊತ್ತಿನದೇ. ಆದರೆ ಅರ್ಜಿಯಲ್ಲಿ ‘ಬೋಟು ಇಡುವ ಸ್ಥಳ’ ಅನ್ನುವುದಕ್ಕೆ ಒಂದೇ ಸಾಲಿನ ಜಾಗ ಬಿಟ್ಟಿರುತ್ತಾರೆ!

ಹದಿನೇಳು ನಾಟ್

ತಮ್ಮನಿಗೆ ವಿಮೆ ಬ್ರೋಕರ್ ಕಳಿಸಿದ ಪಾಲಿಸಿ ಅಗ್ಗದ್ದು. ಅದರ ಷರತ್ತುಗಳು ಲಂಡನ್ ಮಾರುಕಟ್ಟೆಯ ‘ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಜಸ್’ ಮೇಲೆ ನಿಂತಿದ್ದವು. 1985ರ ನವೆಂಬರ್ 1ರ ತಾರೀಕಿನ ಈ ಷರತ್ತುಗಳನ್ನು ಬೇರೆ ಬೇರೆ ದೇಶಗಳಲ್ಲಿ ಇಂದಿಗೂ ಹಾಗೆಯೇ ಬಳಸುವವರಿದ್ದಾರೆ, ಸ್ವಲ್ಪ ತಿದ್ದಿ ಬಳಸುವವರೂ ಇದ್ದಾರೆ. ಅದರ 19ನೇ ಕಲಮು ಸ್ಪೀಡ್‌ಬೋಟುಗಳದ್ದು. ವಿನ್ಯಾಸದ ಪೂರ್ತಿ ವೇಗ 17 ನಾಟ್ ದಾಟುವ ಬೋಟಿಗೆ ಇದು ಅನ್ವಯವಾಗುತ್ತದೆ. ನೀವು ನಿಧಾನವಾಗಿ ಓಡಿಸುತ್ತೀರೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ. ಬೋಟಿಗೆ ಆ ವೇಗ ಸಾಧ್ಯವಿದ್ದರೆ ಸಾಕು.

ಆ ಕಲಮಿನಲ್ಲಿ ಎರಡು ವಿಷಯ ಮುಖ್ಯ. ಒಂದು, ಗಾಳಿ ಅಲೆಗಳಿಗೆ ತೆರೆದುಕೊಂಡ ದಡದಾಚೆ, ಬೋಟಿನಲ್ಲಿ ಯಾರೂ ಇಲ್ಲದೆ ಕಟ್ಟಿ ಅಥವಾ ಲಂಗರು ಹಾಕಿ ಬಿಟ್ಟಿದ್ದಾಗ ಬೋಟು ಮುಳುಗಿದರೆ, ನೀರು ತುಂಬಿದರೆ, ದಡಕ್ಕೆ ಬಡಿದರೆ, ಹಗ್ಗ ಕಿತ್ತುಕೊಂಡು ಹೋದರೆ ಕ್ಲೇಮು ಇಲ್ಲ. ಬೋಟಿಗಾದ ಹಾನಿಗೂ ಇಲ್ಲ, ಅದು ಹೋಗಿ ಬೇರೆಯವರಿಗೆ ಮಾಡಿದ ಹಾನಿಗೂ ಇಲ್ಲ. ಎರಡು, ಎಂಜಿನ್ ಒಳಗಿರುವ ಬೋಟಾದರೆ ಎಂಜಿನ್ ಕೋಣೆ, ಟ್ಯಾಂಕಿನ ಜಾಗ, ಅಡುಗೆ ಜಾಗಗಳಲ್ಲಿ ಬೆಂಕಿ ಆರಿಸುವ ವ್ಯವಸ್ಥೆ ಇರಬೇಕು. ಅದು ತಾನೇ ಚಾಲೂ ಆಗಬೇಕು, ಇಲ್ಲವೇ ಸ್ಟಿಯರಿಂಗ್ ಜಾಗದಿಂದ ಚಾಲೂ ಮಾಡುವಂತಿರಬೇಕು. ಸರಿಯಾಗಿ ಕೆಲಸವನ್ನೂ ಮಾಡುತ್ತಿರಬೇಕು. ಇಲ್ಲದಿದ್ದರೆ ಬೆಂಕಿ, ಸ್ಫೋಟಕ್ಕೆ ಪರಿಹಾರವಿಲ್ಲ.

ಅಕ್ಕ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದ ಜಾಗ ಯಾವುದು ಗೊತ್ತೇ? ತೆರೆದ ಕೊಲ್ಲಿಯಲ್ಲಿ, ಬಿರುಗಾಳಿ ಬರುವ ದಿಕ್ಕಿಗೇ ಮುಖ ಮಾಡಿಕೊಂಡ ದಡದ ಎದುರು, ಬೋಟು ಕಟ್ಟಲು ನೀರಿನಲ್ಲಿ ಬಿಟ್ಟ ಒಂದು ತೇಲುಗುಂಡು. ಬಾಡಿಗೆ ಕಡಿಮೆ, ಖಾಲಿಯೂ ಇತ್ತು. ಖಾಲಿ ಯಾಕಿತ್ತು ಅನ್ನುವುದನ್ನು ಕೇಳಿರಲಿಲ್ಲ. ಬೋಟಿನಲ್ಲಿ ಇದ್ದದ್ದು ಕೈಯಲ್ಲಿ ಹಿಡಿಯುವ ಒಂದು ಅಗ್ನಿಶಾಮಕ ಡಬ್ಬಿ, ಅದೂ ಕ್ಯಾಬಿನ್ನಿನ ಬಾಗಿಲ ಹಿಂದೆ.

“ಹಂಗಾದ್ರೆ ಇಷ್ಟು ಪ್ರೀಮಿಯಂ ಕಟ್ಟಿದ್ರೂ ಅಲ್ಲಿ ನಿಂತಿರೋವಾಗ ವಿಮೆನೇ ಇಲ್ವಾ ಅಕ್ಕಾ?” ಎಂದು ತಮ್ಮ ಕೇಳಿದ.

“ಅದನ್ನ ನೀನೇ ಓದಬೇಕಿತ್ತು ಕಣೋ” ಎಂದಳು ಅಕ್ಕ.

ವಿಮೆಯವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಹಗುರ ಮೈ, ತಗ್ಗು ಹಿಂಬದಿ, ವೇಗಕ್ಕಾಗಿ ಮಾಡಿದ ಬೋಟು. ಹಿಂದಿನಿಂದ ಅಲೆ ಬಂದರೆ ಒಳಗೆ ನೀರು ತುಂಬುತ್ತದೆ. ಅಂಥದ್ದನ್ನು ತೆರೆದ ದಡದಲ್ಲಿ ಬಿಟ್ಟು ಮನೆಗೆ ಹೋಗುವವನ ಅಪಾಯವನ್ನು ನಾವೇಕೆ ಹೊರಬೇಕು ಅನ್ನುವುದು ಅವರ ವಾದ. ನ್ಯಾಯವೇ. ತಕರಾರಿರುವುದು ಬ್ರೋಕರ್ ಮೇಲೆ. 28 ನಾಟ್‌ನ ಬೋಟು, ಕೊಲ್ಲಿಯ ಜಾಗ, ಎರಡೂ ಅವನ ಮುಂದಿದ್ದವು. ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಜಾಗ ಹುಡುಕಿದ್ದು

ಉಳಿದ ಆಯ್ಕೆಗಳು ಮೂರು. ಮೊದಲನೆಯದು ಮರೀನಾದ, ಅಂದರೆ ವಿಹಾರದ ಬೋಟುಗಳ ಬಂದರಿನ, ತೇಲುವ ಜೆಟ್ಟಿಯಲ್ಲಿ ಜಾಗ. ಕರೆಂಟು, ನೀರು, ಕಾವಲು ಎಲ್ಲ ಇದೆ. ಆದರೆ ಸರದಿ ಪಟ್ಟಿ ಉದ್ದ, ಬಾಡಿಗೆಯೂ ಜಾಸ್ತಿ. ಎರಡನೆಯದು ದಡದ ಮೇಲೆ ಚರಣಿಗೆಯಲ್ಲಿಟ್ಟು, ಬೇಕಾದಾಗ ಕ್ರೇನಿನಲ್ಲಿ ನೀರಿಗಿಳಿಸುವುದು. ಬೋಟಿಗೆ ಇದಕ್ಕಿಂತ ಕ್ಷೇಮ ಯಾವುದೂ ಇಲ್ಲ. ಆದರೆ ಸಂಜೆ ಮನಸ್ಸು ಬಂದಾಗ ಹೋಗುವ ಹಾಗಿಲ್ಲ, ಮುಂಚೆಯೇ ಹೇಳಬೇಕು. ಸಂಜೆ ಹೋಗುವುದಕ್ಕೆಂದೇ ಬೋಟು ಕೊಂಡವರು ಇವರು. ಮೂರನೆಯದು ನದಿಯ ಒಳಗೆ, ತಿರುವಿನ ಹಿಂದೆ, ಗಾಳಿಗೆ ಮರೆಯಾದ ಜಾಗದಲ್ಲಿ ಒಂದು ಮೂರಿಂಗ್. ತಳದಲ್ಲಿ ಭಾರದ ಗಟ್ಟಿ, ಅದರಿಂದ ಸರಪಳಿ, ಮೇಲೆ ತೇಲುಗುಂಡು, ಅಲ್ಲಿಂದ ಬೋಟಿನ ಮೂತಿಗೆ ಹಗ್ಗ. ಬೋಟು ಗಾಳಿ, ನೀರಿನ ಸೆಳೆತ ಬಂದ ಕಡೆ ಸುತ್ತುತ್ತಾ ಇರುತ್ತದೆ.

ನದಿಯ ಜಾಗವೇ ಸರಿ ಅನ್ನಿಸಿತು. ಆದರೂ ಮೂರು ಪ್ರಶ್ನೆ ಇದ್ದವು. ಮೂರನ್ನೂ ಬಂದರು ಕಚೇರಿಗೆ ಲಿಖಿತವಾಗಿ ಕೇಳಿದೆವು. ಬಾಯಲ್ಲಿ ಹೇಳಿದ ಉತ್ತರ ಕ್ಲೇಮಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಆಳ ಎಷ್ಟು? ಸಾಧಾರಣ ಇಳಿತದಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ತೀರಾ ಇಳಿತದಲ್ಲಿ ಎಷ್ಟು ಅನ್ನುವುದು ಮುಖ್ಯ. ಈ ಬೋಟಿನ ಕಾಲು ಕೆಳಗಿದ್ದರೆ ಅದಕ್ಕೆ 90 ಸೆಂಟಿಮೀಟರ್ ನೀರು ಬೇಕು. ಎತ್ತಿದರೆ ಅರ್ಧ ಮೀಟರ್ ಸಾಕು. ಹಾಗಾದರೆ ಎತ್ತಿಯೇ ಬಿಡೋಣ ಅಂದ ತಮ್ಮ. ಬೇಡ ಅಂದೆ. ಕಾರಣ ಬೋಟಿನ ಸ್ಥಿತಿ ತಪಾಸಣೆ ಮಾಡುವ ಸರ್ವೇಯರ್ ಮಾತು ಬಂದಾಗ ಹೇಳುತ್ತೇನೆ. ಕಚೇರಿಯ ಉತ್ತರ: ತೀರಾ ಇಳಿತದಲ್ಲೂ 1.5 ಮೀಟರ್. ಕಾಲು ಇಳಿಸಿಯೇ ಬಿಡಬಹುದು.

ಸುತ್ತಲು ಜಾಗ ಎಷ್ಟು? ಅಕ್ಕಪಕ್ಕದಲ್ಲಿ ಇದ್ದವೆಲ್ಲ ಹಾಯಿ ಬೋಟುಗಳು. ಅವುಗಳಿಗೆ ನೀರಿನಡಿ ಆಳಕ್ಕಿಳಿದ ರೆಕ್ಕೆಯಂಥ ಕೀಲ್ ಇರುತ್ತದೆ, ಹಾಗಾಗಿ ಸೆಳೆತದ ಕಡೆ ಮುಖ ಮಾಡುತ್ತವೆ. ಮೋಟಾರ್ ಬೋಟಿಗೆ ಮೈಯೆಲ್ಲ ನೀರಿನ ಮೇಲೆ, ಗಾಳಿ ಕರೆದ ಕಡೆ ತಿರುಗುತ್ತದೆ. ಗಾಳಿಗೂ ಸೆಳೆತಕ್ಕೂ ವಿರೋಧ ಬಿದ್ದ ದಿನ ಎರಡೂ ಬೇರೆ ಬೇರೆ ದಿಕ್ಕಿಗೆ ನಿಂತು ಒಂದಕ್ಕೊಂದು ಬಡಿಯುತ್ತವೆ. ಕಚೇರಿಯವರು ಇದನ್ನು ಒಪ್ಪಿಕೊಂಡು ಸಾಲಿನ ತುದಿಯ ಜಾಗ ಕೊಟ್ಟರು.

ತಳದಲ್ಲಿ ಏನಿದೆ? ‘ಒಂದು ಟನ್ ಕಾಂಕ್ರೀಟ್ ಗಟ್ಟಿ’ ಎಂಬ ಉತ್ತರ ಬಂತು. ಕೇಳಲು ಭಾರಿಯಾಗಿದೆ. ಆದರೆ ಕಾಂಕ್ರೀಟು ನೀರಿನ 2.4 ಪಟ್ಟು ಮಾತ್ರ ಭಾರ. ಉಪ್ಪುನೀರಿನಲ್ಲಿ ಸಾವಿರ ಕಿಲೋ ಗಟ್ಟಿ ತೂಗುವುದು ಸುಮಾರು 570 ಕಿಲೋ. ಉಕ್ಕಾದರೆ ಸುಮಾರು 870 ಕಿಲೋ ಉಳಿಯುತ್ತಿತ್ತು. ಇನ್ನು ಗಾಳಿಯ ಲೆಕ್ಕ. ಈ ಬೋಟಿನ ಎದುರು ಮೈ ಸುಮಾರು 5 ಚದರ ಮೀಟರ್. 50 ನಾಟ್ ಗಾಳಿ ಅದನ್ನು ಹತ್ತಿರಹತ್ತಿರ 200 ಕಿಲೋ ತೂಕದಷ್ಟು ಜೋರಿನಲ್ಲಿ ತಳ್ಳುತ್ತದೆ. ಅದು ಸ್ಥಿರ ಗಾಳಿಗೆ. ಅಲೆಗೆ ಬೋಟು ಎದ್ದು ಸರಪಳಿ ಜಗ್ಗಿದಾಗ ಎಳೆತ ಅದರ ಹಲವು ಪಟ್ಟು ಆಗಬಹುದು. ನದಿಯೊಳಗೆ ಅಲೆ ಇಲ್ಲ, ಗಟ್ಟಿಯೂ ಕೆಸರಿನಲ್ಲಿ ಹೂತಿದೆ. ಹೂತ ಗಟ್ಟಿಯನ್ನು ಕೆಸರೂ ಹಿಡಿದಿರುತ್ತದೆ. ಅದೇ ಗಟ್ಟಿ ತೆರೆದ ಕೊಲ್ಲಿಯಲ್ಲಿ, ಗಟ್ಟಿ ಮರಳಿನ ಮೇಲಿದ್ದಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಗಟ್ಟಿಗಿಂತ ನನಗೆ ಯೋಚನೆಯಾದದ್ದು ಸರಪಳಿಯದು. ಸರಪಳಿ ಸವೆಯುವುದು ಎಲ್ಲ ಕಡೆ ಒಂದೇ ಸಮ ಅಲ್ಲ. ನೆಲ ಮುಟ್ಟಿ ಏಳುವ ತುಂಡು ದಿನವೂ ಎರಡು ಉಬ್ಬರ, ಎರಡು ಇಳಿತಕ್ಕೆ ತಳಕ್ಕೆ ಉಜ್ಜಿಕೊಳ್ಳುತ್ತದೆ. ಸವೆತ ಅಲ್ಲೇ ಜಾಸ್ತಿ. ಮೇಲಿನಿಂದ ನೋಡಿದವರಿಗೆ ಹೊಸದರಂತೆ ಕಾಣುತ್ತದೆ. ಮುಳುಗುಗಾರನನ್ನು ಇಳಿಸಿ, ಆ ತುಂಡಿನ ಕೊಂಡಿಗಳನ್ನು ಕ್ಯಾಲಿಪರ್ ಹಿಡಿದು ಅಳೆಸಿದೆವು. ಹಾಕುವಾಗ 16 ಮಿಲಿಮೀಟರ್ ಇದ್ದದ್ದು ತೀರಾ ಸವೆದ ಕಡೆ 11 ಆಗಿತ್ತು. ಮೂರರಲ್ಲಿ ಒಂದು ಪಾಲು ಮಾತ್ರ ಹೋಗಿದೆ ಅನ್ನಿಸುತ್ತದೆ. ಆದರೆ ಬಲ ನಿಲ್ಲುವುದು ಅಡ್ಡಕೊಯ್ತದ ಮೇಲೆ. ಹನ್ನೊಂದರ ವರ್ಗ 121, ಹದಿನಾರರ ವರ್ಗ 256. ಅರ್ಧಕ್ಕಿಂತ ಜಾಸ್ತಿ ಬಲ ಹೋಗಿತ್ತು. ಆ ವರದಿ ತೋರಿಸಿದ ಮೇಲೆ ಕಚೇರಿಯವರು ತಕರಾರಿಲ್ಲದೆ ಸರಪಳಿ ಬದಲಿಸಿದರು. ಸರಪಳಿ ಜೋಡಿಸುವ ಶ್ಯಾಕಲ್‌ಗಳ ಪಿನ್ನಿಗೆ ತಂತಿ ಸುತ್ತಿ ಬಿಗಿಸಿದ ಫೋಟೋ ಕೂಡ ಕಳಿಸಿದರು. ಆ ಫೋಟೋ, ಅಳತೆಯ ವರದಿ, ಆಳದ ಪತ್ರ, ಮೂರೂ ವಿಮೆಯ ಅರ್ಜಿಯ ಜೊತೆ ಹೋದವು.

ಸರ್ವೇಯರ್ ಬಂದ ದಿನ

ಇಷ್ಟು ವಯಸ್ಸಿನ ಬೋಟಿಗೆ ನೀರಿನಿಂದ ಮೇಲೆತ್ತಿ ಮಾಡಿದ ಸ್ಥಿತಿ ವರದಿ ಬೇಕೆಂದು ವಿಮೆಯವರು ಕೇಳಿದರು. ಇದು ಸಾಮಾನ್ಯ. ಕೊಳ್ಳುವವರಿಗೂ ಅದೇ ವರದಿ ಬೇಕಿತ್ತು, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಒಂದೇ ಒಂದು ಎಚ್ಚರ: ಸರ್ವೇಯರ್‌ನನ್ನು ಮಾರುವವರು ತರಬಾರದು.

ಆ ಮನುಷ್ಯ ಹೆಚ್ಚು ಮಾತಾಡಲಿಲ್ಲ. ಬೋಟಿನ ಮೈಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದ, ತೇವ ಅಳೆಯುವ ಮೀಟರ್ ಹಿಡಿದ. ಆಮೇಲೆ ಹಿಂದೆ ಹೋಗಿ ಕಾಲಿನ ಬುಡದಲ್ಲಿದ್ದ ರಬ್ಬರ್ ತೋಳನ್ನು ಹೆಬ್ಬೆರಳಿನಿಂದ ಒತ್ತಿದ. ಮಡಿಕೆಗಳು ಬಿಚ್ಚಿಕೊಂಡವು, ಪ್ರತಿ ಮಡಿಕೆಯ ತಳದಲ್ಲೂ ಕೂದಲಿನಂಥ ಬಿರುಕು. “ಇದನ್ನ ಯಾವಾಗ ಹಾಕಿದ್ದು?” ಎಂದು ಕೇಳಿದ. ಮಾರುವವರ ಹತ್ತಿರ ಬಿಲ್ಲಿರಲಿಲ್ಲ.

ಬೆಲ್ಲೋಸ್ ಅನ್ನುವ ಆ ರಬ್ಬರ್ ತೋಳು ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಎಂಜಿನ್ನಿನಿಂದ ಕಾಲಿಗೆ ಹೋಗುವ ಕೀಲು ಅದರೊಳಗಿದೆ. ಅದು ಹರಿದರೆ ಹೊರಗಿನ ನೀರು ನೇರ ಒಳಗೆ ಬರುತ್ತದೆ. ಕಾಲನ್ನು ಎತ್ತಿಯೇ ಬಿಟ್ಟರೆ ರಬ್ಬರು ಸದಾ ಬಗ್ಗಿಕೊಂಡು ಬೇಗ ಬಿರುಕು ಬಿಡುತ್ತದೆ. ಆಳದ ಬಗ್ಗೆ ನಾನು ಹಟ ಹಿಡಿದದ್ದು ಇದಕ್ಕೇ. ಆಳವಿಲ್ಲದ ಅಗ್ಗದ ಜಾಗ ಕಾಲು ಎತ್ತಿಸುತ್ತದೆ, ಎತ್ತಿದ ಕಾಲು ರಬ್ಬರು ಹರಿಸುತ್ತದೆ. ಬೋಟು ಮುಳುಗಿದ ಮೇಲೆ ವಿಮೆಯವರು ಇದು ಸವಕಳಿ, ಆಕಸ್ಮಿಕವಲ್ಲ ಅನ್ನುತ್ತಾರೆ. ಸವಕಳಿಗೆ ಯಾವ ಪಾಲಿಸಿಯೂ ಹಣ ಕೊಡುವುದಿಲ್ಲ.

ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್ ಇದೆಯಲ್ಲ ಎಂದು ತಮ್ಮ ಕೇಳಿದ. ಲೆಕ್ಕ ಹಾಕಿ ನೋಡಿ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 38 ಮಿಲಿಮೀಟರಿನ ಒಂದು ಪೈಪು ಕಳಚಿದರೆ ನಿಮಿಷಕ್ಕೆ ನೂರು ಲೀಟರಿಗೂ ಜಾಸ್ತಿ ನೀರು ನುಗ್ಗುತ್ತದೆ. ಬೋಟಿನಲ್ಲಿದ್ದ ಸಣ್ಣ ಪಂಪು, ಬ್ಯಾಟರಿ ಪೂರ್ತಿ ಇದ್ದರೂ, ನಿಮಿಷಕ್ಕೆ ಎತ್ತುವುದು 30 ಲೀಟರ್. ಸಣ್ಣ ಜಿನುಗಿಗೆ ಸರಿ, ಒಡೆದ ಪೈಪಿಗೆ ಸುಮ್ನೆ.

ಇನ್ನೊಂದು ಸಿಕ್ಕಿದ್ದು ಮೂತಿಯ ಹತ್ತಿರ. ಮೂರಿಂಗ್ ಹಗ್ಗ ಕಟ್ಟುವ ಲೋಹದ ಕ್ಲೀಟ್ ಮೇಲಿನಿಂದ ಗಟ್ಟಿಮುಟ್ಟಾಗಿತ್ತು. ಒಳಗಿನ ಬಟ್ಟೆಯ ಹೊದಿಕೆ ಸರಿಸಿ ಟಾರ್ಚ್ ಬಿಟ್ಟರೆ, ಕೆಳಗೆ ತಗಡೂ ಇಲ್ಲ ಹಲಗೆಯೂ ಇಲ್ಲ. ನಾಲ್ಕು ಬೋಲ್ಟಿಗೆ ನಾಲ್ಕು ಪುಟ್ಟ ವಾಷರ್, ಸುತ್ತ ನೆಂದು ಕಪ್ಪಾದ ಪ್ಲೈವುಡ್. ತಳದಲ್ಲಿ ಟನ್ ಗಟ್ಟಿ, ಹೊಸ ಸರಪಳಿ, ಕೊನೆಗೆ ಇಡೀ ಬೋಟು ನೇತಾಡುವುದು ಈ ನಾಲ್ಕು ವಾಷರಿನ ಮೇಲೆ!

ವರದಿಯ ಆಧಾರದ ಮೇಲೆ ಬೆಲೆ ಇಳಿಸಿದರು. ಬೆಲ್ಲೋಸ್ ಹೊಸದು, ಕ್ಲೀಟಿನಡಿ ದಪ್ಪ ತಗಡು, ಎಂಜಿನ್ ಕೋಣೆಗೆ ತಾನೇ ಚಾಲೂ ಆಗುವ ಅಗ್ನಿಶಾಮಕ. ಎಲ್ಲದರ ಬಿಲ್ಲು ವಿಮೆಯವರಿಗೆ ಹೋಯಿತು. ವರದಿಯಲ್ಲಿ ‘ಸರಿಪಡಿಸಬೇಕು’ ಎಂದು ಬರೆದದ್ದನ್ನು ಹಾಗೇ ಬಿಟ್ಟು, ವರದಿಯನ್ನು ಮಾತ್ರ ವಿಮೆಗೆ ಕೊಟ್ಟರೆ ನಮ್ಮ ವಿರುದ್ಧದ ಸಾಕ್ಷಿಯನ್ನು ನಾವೇ ಬರೆದುಕೊಟ್ಟ ಹಾಗಾಗುತ್ತದೆ.

ಪಾಲಿಸಿ ಕೈಗೆ ಬರುವ ಮುಂಚೆ

ಎರಡನೇ ಬ್ರೋಕರ್ ಮೂಲಕ ಬೇರೆ ಪಾಲಿಸಿ ಬಂತು. ಜಾಗದ ಹೆಸರು, ಮೂರಿಂಗ್ ನಂಬರ್ ಸಮೇತ ಬರೆದು, ಆ ಜಾಗವನ್ನು ಮರೆಯಾದ ಜಾಗವೆಂದು ವಿಮೆಯವರು ಲಿಖಿತವಾಗಿ ಒಪ್ಪಿಕೊಂಡರು. ಪ್ರತಿಯಾಗಿ ವರ್ಷಕ್ಕೊಮ್ಮೆ ಮೂರಿಂಗ್ ತಪಾಸಣೆ ಎಂಬ ಷರತ್ತು ಹಾಕಿದರು. ಇಂಥ ಷರತ್ತನ್ನು ವಾರಂಟಿಯಾಗಿ, ಅಂದರೆ ವಿಮೆ ಮಾಡಿಸಿದವರು ಚಾಚೂ ತಪ್ಪದೆ ನಡೆಸಬೇಕಾದ ಮಾತಾಗಿ, ಬರೆದಿದ್ದರೆ ಹುಷಾರಾಗಿರಬೇಕು. ಬ್ರಿಟನ್ನಿನ 1906ರ ಸಾಗರ ವಿಮೆ ಕಾಯ್ದೆಯ ಪ್ರಕಾರ ವಾರಂಟಿ ಮುರಿದ ದಿನದಿಂದಲೇ ವಿಮೆಯವರ ಹೊಣೆ ಮುಗಿಯುತ್ತಿತ್ತು. ಹಾನಿಗೂ ಅದಕ್ಕೂ ಸಂಬಂಧ ಇರಬೇಕಿಲ್ಲ, ಆಮೇಲೆ ಸರಿಪಡಿಸಿದರೂ ಉಪಯೋಗವಿಲ್ಲ. ಬ್ರಿಟನ್ 2015ರ ಕಾಯ್ದೆಯಲ್ಲಿ ಇದನ್ನು ಸಡಿಲಿಸಿತು. 1906ರ ಅಚ್ಚಿನಲ್ಲೇ ಕಾನೂನು ಮಾಡಿಕೊಂಡ ದೇಶಗಳೂ ಇವೆ, ಭಾರತದ 1963ರ ಕಾಯ್ದೆ ಅಂಥದ್ದು. ನಿಮ್ಮ ಪಾಲಿಸಿ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ ಅನ್ನುವ ಸಾಲನ್ನು ಹುಡುಕಿ ಓದಿ.

ಬೆಲೆಯ ವಿಷಯ ಬೇಗ ಮುಗಿಯಿತು. ಒಪ್ಪಿದ ಮೌಲ್ಯದ ಪಾಲಿಸಿ ತೆಗೆದುಕೊಂಡರು. ಬೋಟು ಪೂರ್ತಿ ಹೋದರೆ ಆ ಮೊತ್ತವೇ ಸಿಗುತ್ತದೆ, ಆ ದಿನದ ಮಾರುಕಟ್ಟೆ ಬೆಲೆ ಎಷ್ಟು ಎಂಬ ಜಗಳವಿಲ್ಲ.

ಅವಶೇಷ ತೆಗೆಯುವ ಖರ್ಚನ್ನು ಅಕ್ಕನೇ ಎತ್ತಿದಳು, ಸರಿಯಾಗಿ ಎತ್ತಿದಳು. ದೊಡ್ಡ ಹಡಗುಗಳಿಗೆ, ಅಂದರೆ 300 ಗ್ರಾಸ್ ಟನ್ ಮತ್ತು ಮೇಲ್ಪಟ್ಟವಕ್ಕೆ, ಈ ವಿಮೆಯನ್ನು 2007ರ ನೈರೋಬಿ ಒಪ್ಪಂದ ಕಡ್ಡಾಯ ಮಾಡಿದೆ. ಸಣ್ಣ ಬೋಟಿಗೆ ಆ ಕಡ್ಡಾಯ ಇಲ್ಲ. ಆದರೆ ಮೂರಿಂಗ್ ಕರಾರಿನಲ್ಲಿ ‘ಮುಳುಗಿದರೆ ಎತ್ತುವ ಖರ್ಚು ಮಾಲೀಕರದು’ ಎಂದಿತ್ತು. ಹಳೆಯ ಬೋಟಿನ ಬೆಲೆಗಿಂತ ಅದನ್ನು ತಳದಿಂದ ಎತ್ತುವ ಖರ್ಚೇ ಜಾಸ್ತಿಯಾಗಬಹುದು. ಸವಕಳಿಯ ಕಾರಣಕ್ಕೆ ಬೋಟಿನ ಕ್ಲೇಮು ನಿರಾಕರಿಸಿದರೂ ಎತ್ತುವ ಖರ್ಚು ಕೊಡುತ್ತೀರಾ ಎಂದು ಕೇಳಿದಳು. ಕೊಡುತ್ತೇವೆ ಎಂಬ ಉತ್ತರ ಇಮೇಲಿನಲ್ಲಿ ಬಂತು. ಆ ಇಮೇಲ್ ಪ್ರಿಂಟ್ ಮಾಡಿ ಇಟ್ಟಿದ್ದಾರೆ.

ಮಾರುವವರು ಇನ್ನೊಂದು ಉಪಕಾರ ಮಾಡಲು ಬಂದಿದ್ದರು. “ನನ್ನ ವಿಮೆ ಇನ್ನೂ ಇದೆ, ಅದರಲ್ಲೇ ತಗೊಂಡು ಹೋಗಿ” ಅಂದರು. ಮಾರಿದ ಕೂಡಲೇ ಆ ಪಾಲಿಸಿ ಸತ್ತಂತೆ. ವಿಮೆಯವರು ಬರೆದು ಒಪ್ಪಿದರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಬಾಕಿ ಹಣ ಕೊಟ್ಟು ಮಾರಾಟ ಪತ್ರಕ್ಕೆ ಸಹಿ ಬೀಳುವ ಗಳಿಗೆಯಿಂದಲೇ ಕವರ್ ನೋಟ್ ಶುರುವಾಗುವ ಹಾಗೆ ಮಾಡಿದೆವು. ಬೋಟು ಇದ್ದದ್ದು ಬೇರೆ ಬಂದರಿನಲ್ಲಿ. ಸಮುದ್ರದಲ್ಲಿ ತರಬೇಕಾದರೆ ಅನುಭವಿ ಚಾಲಕ ಬೇಕು ಅಂದರು ವಿಮೆಯವರು. ಇವರಿಬ್ಬರಿಗೂ ಆಗಿನ್ನೂ ತರಬೇತಿಯಾಗಿರಲಿಲ್ಲ, ಅರ್ಜಿಯಲ್ಲಿ ಹಾಗೆಯೇ ಬರೆದಿದ್ದರು. ಲಾರಿಯಲ್ಲಿ ತರಿಸಿದರು. ರಸ್ತೆ ಸಾಗಣೆ, ಕ್ರೇನಿನಲ್ಲಿ ಎತ್ತಿಳಿಸುವುದು, ಎರಡೂ ಪಾಲಿಸಿಯಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿಕೊಂಡೆವು.

ಚಿಕ್ಕದೊಂದು ಉಳಿದಿತ್ತು. ದಡದಿಂದ ಮೂರಿಂಗ್‌ಗೆ ಹೋಗಲು ಒಂದು ರಬ್ಬರ್ ದೋಣಿ. ಅದರ ಮೇಲೆ ದೊಡ್ಡ ಬೋಟಿನ ಹೆಸರನ್ನು ಅಳಿಸದ ಹಾಗೆ ಬರೆಯದಿದ್ದರೆ ಕಳೆದರೂ ಕ್ಲೇಮು ಇಲ್ಲ. 1985ರ ಷರತ್ತಿನಲ್ಲೂ ಇದಿತ್ತು, ಹೊಸ ಪಾಲಿಸಿಯಲ್ಲೂ ಇತ್ತು. ತಮ್ಮ ಕೂತು ಬಣ್ಣದಲ್ಲಿ ಬರೆದ. ಅಕ್ಷರ ಸೊಟ್ಟಗಿದೆ, ಕ್ಲೇಮಿಗೆ ತೊಂದರೆಯಿಲ್ಲ.

ಮೊದಲ ಗಾಳಿ

ಹಗ್ಗದ ವಿಷಯದಲ್ಲಿ ಇಬ್ಬರೂ ಹೇಳಿದ ಹಾಗೆ ಕೇಳಿದ್ದರು. ಒಂದರ ಬದಲು ಎರಡು ಹಗ್ಗ, ಎರಡನೆಯದು ಸ್ವಲ್ಪ ಉದ್ದ. ಮೊದಲನೆಯದು ಹೋದರೆ ಮಾತ್ರ ಅದು ಬಿಗಿಯಾಗುತ್ತದೆ. ಮೂತಿಯ ಅಂಚಿಗೆ ಉಜ್ಜುವ ಕಡೆ ದಪ್ಪ ಹೋಸ್ ಪೈಪು ತೊಡಿಸಿದ್ದರು.

ಹಂಗಾಮಿನ ಕೊನೆಗೆ ಬಿರುಗಾಳಿ ಬಂತು. ಇವರ ಬೋಟು ನಿಂತಲ್ಲೇ ನಿಂತಿತು. ಪಕ್ಕದ ಹಾಯಿ ಬೋಟು ಹಗ್ಗ ಹರಿದುಕೊಂಡು ಬಂದು ಇವರ ಬೋಟಿಗೆ ಒರಗಿತು. ಕಂಬಿ ಬಗ್ಗಿತು, ಮೈಯಲ್ಲಿ ಒಂದು ಮೊಳದಷ್ಟು ಗೀರು. ತಪ್ಪು ಅವರದು, ಅವರ ವಿಮೆ ಕೊಡುತ್ತದೆ ಎಂದು ತಮ್ಮ ನಂಬಿದ್ದ. ಹಾಗೆ ನೇರವಾಗಿ ಆಗುವುದಿಲ್ಲ. ಹಗ್ಗ ಹರಿಯಿತು ಅಂದಷ್ಟಕ್ಕೆ ಹೊಣೆ ಬರುವುದಿಲ್ಲ, ಮಾಲೀಕ ಅಜಾಗರೂಕನಾಗಿದ್ದ ಎಂದು ತೋರಿಸಬೇಕು. ಆ ಕಡೆಯ ವಿಮೆಯವರೂ ಅದನ್ನೇ ಕೇಳಿದರು. ಇವರು ಮೊದಲು ತಮ್ಮ ಪಾಲಿಸಿಯಲ್ಲೇ ಕ್ಲೇಮು ಹಾಕಿದರು. ಮಾಲೀಕರೇ ಹೊರಬೇಕಾದ ಮೊದಲ ಪಾಲು ಕಳೆದು ಉಳಿದದ್ದು ಬಂತು. ಅಕ್ಕ ಮಾತ್ರ ಗಾಳಿ ನಿಂತ ಬೆಳಿಗ್ಗೆಯೇ ಹೋಗಿ, ಪಕ್ಕದ ಬೋಟಿನ ಹರಿದ ಹಗ್ಗದ ತುದಿಯ ಫೋಟೋ ತೆಗೆದಿದ್ದಳು. ಒಂದೇ ಹಗ್ಗ, ಉಜ್ಜುವ ಕಡೆ ಏನೂ ತೊಡಿಸಿಲ್ಲ, ಎಳೆಗಳು ಮೊದಲೇ ಸವೆದು ಜುಂಗಾಗಿದ್ದವು. ಆ ಫೋಟೋ ನೋಡಿದ ಮೇಲೆ ಆ ಕಡೆಯವರು ಹೊಣೆ ಒಪ್ಪಿದರು. ಇವರೇ ಹೊತ್ತ ಆ ಮೊದಲ ಪಾಲು ಕೆಲವು ತಿಂಗಳ ನಂತರ ವಾಪಸ್ಸು ಬಂತು.

ನವೀಕರಣದ ಅರ್ಜಿಯಲ್ಲಿ ಈ ಸಲ ‘ಮೂರಿಂಗ್ ಕೊನೆಯ ತಪಾಸಣೆ ಯಾವಾಗ’ ಎಂದು ಕೇಳಿದ್ದರು. ಬಂದರು ಕಚೇರಿ ತಪಾಸಣೆ ಮಾಡುವುದು ನವೀಕರಣದ ತಾರೀಕು ಕಳೆದ ಮೇಲೆ. ನಡುವೆ ಕೆಲವು ವಾರ ಷರತ್ತು ಮುರಿದಂತಾಗುತ್ತಿತ್ತು. ತಪಾಸಣೆ ಮುಂಚೆ ಮಾಡಿಸಿ ಎಂದು ಅಕ್ಕ ಪತ್ರ ಬರೆದಳು. ಅವಳ ಒಂದು ಮೂರಿಂಗ್‌ಗಾಗಿ ಮುಳುಗುಗಾರನನ್ನು ಕರೆಸುವುದಿಲ್ಲ ಎಂದು ಕಚೇರಿ ಹೇಳಿತು. ತಮ್ಮ ವಿಮೆಯವರನ್ನು ಕೇಳಿ, ನವೀಕರಣದ ತಾರೀಕನ್ನೇ ಎರಡು ತಿಂಗಳು ಮುಂದಕ್ಕೆ ಹಾಕಿಸಿದ. ಆ ಎರಡು ತಿಂಗಳಿಗೆ ಪ್ರೀಮಿಯಂ ಬೇರೆ ಕಟ್ಟಿದರು. ಅಷ್ಟು ಹೊತ್ತು ಹಳೆಯ ತಪಾಸಣೆ ನಡೆಯುತ್ತದೆ ಎಂದು ವಿಮೆಯವರಿಂದ ಬರೆಸಿಕೊಂಡದ್ದು ಈ ಸಲ ತಮ್ಮನೇ.